ಹಿಂದಿನ ಚಕ್ರಕ್ಕೆ ಬೇಕಾದ ಭಾರ

ನಾನು ಹಿಮವನ್ನು ಕಣ್ಣಾರೆ ಕಂಡವನಲ್ಲ. ನಮ್ಮ ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಳ್ಳುವ ಬಿಳಿ ಹೆಪ್ಪನ್ನು ಬಿಟ್ಟರೆ ಆ ಪದಾರ್ಥದ ಪರಿಚಯ ನನಗಿಲ್ಲ. ಆದರೂ ಹಿಮ ಬಿದ್ದ ರಸ್ತೆಯಲ್ಲಿ, ಹಿಂದಿನ ಚಕ್ರಗಳು ತಳ್ಳಿ ನಡೆಸುವ ಗಾಡಿಯನ್ನು ಹೇಗೆ ಓಡಿಸಬೇಕು ಎಂದು ಯಾರಾದರೂ ಕೇಳಿದರೆ ಅರ್ಧ ತಾಸು ನಿಲ್ಲದೆ ಹೇಳಬಲ್ಲೆ. ಶಿರಸಿಯಲ್ಲಿ ಈವರೆಗೆ ಯಾರೂ ಕೇಳಿಲ್ಲ. ಮನುಷ್ಯ ತನ್ನ ಕೆಲಸಕ್ಕೆ ಬೇಕಾದ್ದನ್ನು ಆಕಳಿಸುತ್ತ ಕಲಿಯುತ್ತಾನೆ, ಬೇಡವಾದದ್ದನ್ನು ಟಿಪ್ಪಣಿ ಮಾಡಿಕೊಂಡು ಕಲಿಯುತ್ತಾನೆ. ನಾನು ಟಿಪ್ಪಣಿ ಮಾಡಿಕೊಂಡಿದ್ದೆ. ಇಪ್ಪತ್ತೈದು ವರ್ಷ ಪತ್ರಿಕೆಗೆ ಸುದ್ದಿ ಬರೆದವನಿಗೆ ಕೈಯಲ್ಲಿ ಪೆನ್ನಿಲ್ಲದಿದ್ದರೆ ಕಿವಿಯೂ ಕೇಳುವುದಿಲ್ಲ.

ಈ ಅಧ್ಯಯನಕ್ಕೆ ಕಾರಣ ಇಸಳೂರಿನಲ್ಲಿ ನಾವು ಕಟ್ಟಿಸಿದ ಹೊಸ ಮನೆ. ಮನೆಗೆ ದೋಷವಿಲ್ಲ, ಮನೆಗೆ ಹೋಗುವ ಏರಿಗೆ ಇದೆ. ಡಾಂಬರು ರಸ್ತೆಯಿಂದ ನಮ್ಮ ಗೇಟಿನವರೆಗೆ ನೂರು ಮಾರು ಕೆಂಪು ಮಣ್ಣು. ಬೇಸಿಗೆಯಲ್ಲಿ ಅದು ರಸ್ತೆಯಂತೆಯೇ ಇರುತ್ತದೆ. ಜೂನ್ ತಿಂಗಳ ಎರಡನೆಯ ವಾರದಿಂದ ಅದರ ಮೇಲೆ ಬೆಣ್ಣೆ ಸವರಿದಂತಾಗುತ್ತದೆ. ಅಕ್ಕಪಕ್ಕದವರ ಸಣ್ಣ ಕಾರುಗಳೆಲ್ಲ ಆ ಏರನ್ನು ಹೇಗೋ ಹತ್ತಿಬಿಡುತ್ತಿದ್ದವು. ನನ್ನ ಹಳೆಯ ವ್ಯಾನು ಮಾತ್ರ ಅರ್ಧಕ್ಕೆ ಬಂದು, ಹಿಂದಿನ ಚಕ್ರಗಳನ್ನು ಗರಗರ ತಿರುಗಿಸಿ, ಬಾಲವನ್ನು ಚರಂಡಿಯ ಕಡೆಗೆ ಚಾಚಿ ನಿಲ್ಲುತ್ತಿತ್ತು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲವಾಯಿತು. ಅದೇ ಮಣ್ಣು, ಅದೇ ಮಳೆ. ಅವು ಹತ್ತುತ್ತವೆ, ಇದು ಹತ್ತುವುದಿಲ್ಲ. ಏಕೆ?

ಮೊದಲು ಏರಿನ ತುದಿಯ ಮನೆಯ ಬಸಣ್ಣನನ್ನು ಕೇಳಿದೆ. ಬಸಣ್ಣ ಎಕ್ಕಂಬಿ ಕಡೆಯವನು. ಬಹಳ ವರ್ಷ ಟೆಂಪೊ ಓಡಿಸಿ ಈಗ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಅವನು ವ್ಯಾನಿನ ಸುತ್ತ ಒಂದು ಸುತ್ತು ಬಂದು, ಹಿಂಬಾಗಿಲು ತೆಗೆದು ಒಳಗೆ ನೋಡಿ, “ಗಾಡೀದು ತಪ್ಪಿಲ್ರಿ ಸರ. ಆ ಕಾರಿಗೆ ಎಳಿಯೂ ಗಾಲಿ ಮುಂದ, ಇಂಜಿನ್ ಕೆಳಗ. ಇದಕ್ಕ ನೂಕೂ ಗಾಲಿ ಹಿಂದ ಅದಾವ, ಹಿಂದ ನೋಡಿದ್ರ ಒಂದು ಛತ್ರಿ ಐತಿ. ಛತ್ರಿ ಭಾರಕ್ಕ ಗಾಲಿ ನೆಲಾ ಹಿಡಿತೈತೇನ್ರಿ?” ಎಂದ. ಉತ್ತರ ಸರಿಯಾಗಿಯೇ ಇತ್ತು. ಆದರೆ ಒಬ್ಬನೇ ಹೇಳಿದ್ದನ್ನು ಸುದ್ದಿಯೆಂದು ನಂಬುವ ಅಭ್ಯಾಸ ನನಗಿಲ್ಲ. ಇನ್ನೊಂದು ಮೂಲದಿಂದ ಖಚಿತಪಡಿಸಿಕೊಳ್ಳಲು ಮೊಬೈಲಿನಲ್ಲಿ ಹುಡುಕಿದೆ. ಹಾಗೆ ಒಂದು ವಿಡಿಯೊದಲ್ಲಿ ಸಿಕ್ಕಿದವನು, ಹಿಮ ಬೀಳುವ ಯಾವುದೋ ದೇಶದ, ಕಿವಿ ಮುಚ್ಚುವ ಟೋಪಿಯ ಒಬ್ಬ ಮನುಷ್ಯ.

ಮೂರು ವಾರ ನಾನು ಅವನ ಶಿಷ್ಯನಾದೆ. ಸುದ್ದಿ ಕಳಿಸಿ ಮುಗಿದ ಮೇಲೆ ಊಟದ ಮೇಜಿನ ಮೇಲೆ ಮೊಬೈಲನ್ನು ಚೊಂಬಿಗೆ ಒರಗಿಸಿಟ್ಟುಕೊಂಡು ಕೂರುತ್ತಿದ್ದೆ. ಹಿಂದಿನ ಚಕ್ರದ ಮೇಲೆ ಭಾರ ಬೇಕು ಎಂದು ಅವನೂ ಹೇಳಿದ. ಮೊದಲ ಗೇರಿನಲ್ಲಿ ಅಬ್ಬರಿಸಬೇಡಿ, ಎರಡನೆಯದರಲ್ಲಿ ಮೆಲ್ಲಗೆ ಹೊರಡಿ, ಆಕ್ಸಿಲರೇಟರಿನ ಕೆಳಗೆ ಕೋಳಿಮೊಟ್ಟೆ ಇದೆಯೆಂದು ತಿಳಿಯಿರಿ ಎಂದ. ಬಾಲ ಯಾವ ಕಡೆಗೆ ಜಾರುತ್ತದೋ ಸ್ಟೇರಿಂಗನ್ನೂ ಅದೇ ಕಡೆಗೆ ತಿರುಗಿಸಬೇಕಂತೆ, ಬ್ರೇಕನ್ನಂತೂ ಮರೆತೇಬಿಡಬೇಕಂತೆ. ಕೊನೆಗೂ ಚಕ್ರ ಸಿಕ್ಕಿಕೊಂಡರೆ ಬೆಕ್ಕಿನ ಶೌಚಕ್ಕೆಂದು ಅಂಗಡಿಯಲ್ಲಿ ಮಾರುವ ಮರಳನ್ನು ಅದರ ಬುಡಕ್ಕೆ ಎರಚಬೇಕು. ಇದನ್ನು ನನ್ನ ಹೆಂಡತಿ ಶೈಲಾಗೆ ಅನುವಾದಿಸಿ ಹೇಳಿದಾಗ ಅವಳು ಚಪಾತಿ ಲಟ್ಟಿಸುತ್ತ, “ಬೆಕ್ಕಿಗೆ ಮರಳು ಕೊಳ್ಳದು ಎಂತಕ್ಕೆ? ನಮ್ಮನೆ ಬೆಕ್ಕಿಗೆ ಬಸಣ್ಣನ ಮನೆ ಹೂವಿನ ಕುಂಡ ಇದ್ದಲ” ಎಂದಳು. ಭಾರದ ವಿಷಯದಲ್ಲಿ ಅವಳ ತಕರಾರಿರಲಿಲ್ಲ. ಮನೆ ಕಟ್ಟಿ ಉಳಿದಿದ್ದ ಆರು ಚಿರೆಕಲ್ಲುಗಳನ್ನು ವ್ಯಾನಿನ ಹಿಂಭಾಗಕ್ಕೆ ಏರಿಸಿದೆ. ಮರುದಿನ ಬೆಳಿಗ್ಗೆ ವ್ಯಾನು ಒಂದೇ ಉಸಿರಿಗೆ ಏರು ಹತ್ತಿತು. ವಿಷಯ ಎರಡು ಮೂಲಗಳಿಂದ ಖಚಿತವಾಯಿತು.

ಇಷ್ಟಕ್ಕೇ ಮುಗಿದಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಆಗಲೇ ಭಾವ ಬರುವ ಸುದ್ದಿ ಬಂತು. ಭಾವ ಎಂದರೆ ಶೈಲಾಳ ಅಣ್ಣ, ಹುಲೇಕಲ್ ಕಡೆಯವರು; ನಮ್ಮಲ್ಲಿ ಅವರಿಗೆ ನಾನೂ ಭಾವನೇ. ಮೂರು ವರ್ಷದಿಂದ ಅವರು ನಮ್ಮಲ್ಲಿಗೆ ಬಂದಿರಲಿಲ್ಲ, ಗೃಹಪ್ರವೇಶಕ್ಕೂ ಬರಲಿಲ್ಲ. ಕಾರಣ ನಾನು ಬರೆದ ಒಂದು ವಾಕ್ಯ. ಅವರು ಉದ್ಘಾಟಿಸಿದ ಒಂದು ವಾಲಿಬಾಲ್ ಪಂದ್ಯಾವಳಿಯ ವರದಿಯಲ್ಲಿ, ಉದ್ಘಾಟನಾ ಭಾಷಣ ಒಂದೂವರೆ ತಾಸು ನಡೆದದ್ದರಿಂದ ಪಂದ್ಯಗಳು ಕತ್ತಲಾದ ಮೇಲೆ ಆರಂಭವಾದವು ಎಂದು ಬರೆದಿದ್ದೆ. ಬರೆದದ್ದು ಸುಳ್ಳಾಗಿದ್ದರೆ ತಿದ್ದುಪಡಿ ಹಾಕಬಹುದಿತ್ತು. ನಿಜವಾಗಿದ್ದರಿಂದ ಕ್ಷಮೆ ಕೇಳಲು ದಾರಿಯೇ ಇರಲಿಲ್ಲ. ಶೈಲಾ ನನಗೆ ಏನೂ ಅನ್ನಲಿಲ್ಲ. ಹಬ್ಬದ ದಿನ ಊಟಕ್ಕೆ ಬಾಳೆಲೆ ಹಾಕುವಾಗ ಒಂದು ಬಾಳೆ ಹೆಚ್ಚು ಹಾಕಿ, ಆಮೇಲೆ ತೆಗೆಯುತ್ತಿದ್ದಳು. ಅದು ಅನ್ನುವುದಕ್ಕಿಂತ ಹೆಚ್ಚಾಗಿತ್ತು.

ಈಗ ಭಾವನಿಗೆ ಮಂಡಿನೋವು, ಶಿರಸಿಯ ಡಾಕ್ಟರಿಗೆ ತೋರಿಸಲು ಬರುವವರಿದ್ದರು. ಶೈಲಾ ಫೋನು ಮಾಡಿ ಊಟಕ್ಕೆ ಕರೆದಳು. ಆಚೆಯಿಂದ ಭಾವ, “ಏರು ಹತ್ತಿ ನಡೆಯದು ಎನ್ನ ಹತ್ರ ಆಗ್ತಿಲ್ಲೆ. ಗಾಡಿ ಮನೆ ಬಾಗ್ಲಿಗೆ ಹೋಗ್ತು ಹೇಳಾದ್ರೆ ಬತ್ತೆ. ಇಲ್ಲೆ ಅಂದ್ರೆ ಅಲ್ಲಿಂದಲೇ ವಾಪಸ್” ಎಂದರು. ಬಸಣ್ಣನ ಕಾರು ಕೇಳೋಣವೇ ಎಂದು ಶೈಲಾ ಮೆಲ್ಲಗೆ ಕೇಳಿದಳು. ಮೂರು ವಾರ ಹಿಮದ ಬಗ್ಗೆ ಕಲಿತವನಿಗೆ ಇದು ಅವಮಾನವೆನಿಸಿತು. ಬೇಡ ಎಂದೆ.

ಡಾಕ್ಟರ ಬಾಗಿಲಲ್ಲಿ ಭಾವನನ್ನು ಹತ್ತಿಸಿಕೊಳ್ಳುವಾಗ ಅವರು ಸಹಜವಾಗಿಯೇ ಮುಂದಿನ ಸೀಟಿಗೆ ಬಂದರು. ನಮ್ಮ ಕಡೆ ಮರ್ಯಾದೆಯ ಜನ ಮುಂದೆ ಕೂರುವುದು ವಾಡಿಕೆ. ಮರ್ಯಾದೆ ಬರುವ ವಯಸ್ಸಿಗೆ ಮೈಯೂ ಬಂದಿರುತ್ತದೆ ಎಂಬುದನ್ನು ಹಿಮದ ಮನುಷ್ಯ ಎಲ್ಲಿಯೂ ಹೇಳಿರಲಿಲ್ಲ. ಹಾಗೆ ನಾನು, ಭಾವ ಮುಂದೆ, ನಮ್ಮಿಬ್ಬರ ಕೆಳಗೆ ಇಂಜಿನ್ನು. ಹಿಂದೆ ಕಡ್ಡಿಯಂತಹ ಶೈಲಾ. ಚಿರೆಕಲ್ಲುಗಳಿವೆಯಲ್ಲ ಎಂಬ ಧೈರ್ಯದಿಂದ ನಾನು ಏರಿನ ಬುಡದಲ್ಲಿ ಎರಡನೆಯ ಗೇರಿಗೆ ಹಾಕಿ, ಕೋಳಿಮೊಟ್ಟೆಯನ್ನು ನೆನೆದು ಹೊರಟೆ.

ಅರ್ಧಕ್ಕೆ ಚಕ್ರ ಗರಗರ ಅಂದಿತು. ಬಾಲ ಎಡಕ್ಕೆ ಜಾರಿತು. ಸ್ಟೇರಿಂಗನ್ನು ಎಡಕ್ಕೇ ತಿರುಗಿಸಿದೆ, ಬ್ರೇಕು ಮುಟ್ಟಲಿಲ್ಲ, ಎಲ್ಲವನ್ನೂ ಪಾಠದಂತೆ ಮಾಡಿದೆ. ಪಾಠದಂತೆಯೇ ಚರಂಡಿಯ ಅಂಚಿನಲ್ಲಿ ನಿಂತೆವು. ನಾನು ಹಿಂತಿರುಗಿ ನೋಡಿದೆ. ಕಲ್ಲುಗಳಿರಲಿಲ್ಲ. ವ್ಯಾನನ್ನು ತೊಳೆದು, ಒರೆಸಿ, ಹಿಂದೆ ಹಳೆಯ ಜಮಖಾನ ಹಾಸಲಾಗಿತ್ತು.

“ಕಲ್ಲೆಲ್ಲಿ?” ಎಂದೆ.

“ಅಣ್ಣ ಬಪ್ಪ ಗಾಡಿಲಿ ಕಲ್ಲು ತುಂಬ್ಕಂಡು ಹೋಗದಾ?” ಎಂದಳು ಶೈಲಾ.

ಭಾವ ಗಾಜಿನಾಚೆ ನೇರ ನೋಡುತ್ತ ಕೂತಿದ್ದರು. ಅವರ ಕೈ ಬಾಗಿಲ ಹಿಡಿಕೆಯ ಮೇಲಿತ್ತು. ಮಂಡಿ ನೊಂದರೂ ಸರಿ, ಇಳಿದು ಹಿಂದಿರುಗಿ ಹೋಗುವವರಂತೆ ಕಂಡರು. ಅಷ್ಟರಲ್ಲಿ ಬಸಣ್ಣ ಕೊಡೆ ಹಿಡಿದು ಮೇಲಿನಿಂದ ಇಳಿದು ಬಂದ. ಒಂದು ಸಲ ಒಳಗೆ ಇಣುಕಿ, ತಡಮಾಡದೆ, “ಸರ, ಹಿರ್ಯಾರನ್ನ ಹಿಂದ ಕೂಡಸ್ರಿ. ಗಾಡಿ ತಾನ ಹೋಗತೈತಿ” ಎಂದ. ಅವನು ಹೇಳಿದ್ದು ಶುದ್ಧ ವಿಜ್ಞಾನ. ಆದರೆ ಮೂರು ವರ್ಷ ಮುನಿದಿದ್ದವರಿಗೆ, ಮೊದಲ ಸಲ ಮನೆಗೆ ಬರುವಾಗ, ಹಿಂದೆ ಕೂರಿ ಎನ್ನುವುದು ಹೇಗೆ? ಅದಕ್ಕೆ ಕೊಡುವ ಕಾರಣವಂತೂ ಇನ್ನೂ ಕೆಟ್ಟದ್ದು.

“ಆನು ಹಿಂದೆ ಕೂರದಾ?” ಎಂದರು ಭಾವ. ಆ ಮೂರು ವರ್ಷಗಳಲ್ಲಿ ನನ್ನ ಕಡೆ ತಿರುಗಿ ಅವರಾಡಿದ ಮೊದಲ ಮಾತು ಅದು.

ಬೇರೇನೂ ತೋಚದೆ ನಾನು ವರದಿ ಒಪ್ಪಿಸಿದೆ. ಚಕ್ರ, ಭಾರ, ಬಸಣ್ಣ ಹೇಳಿದ ಛತ್ರಿ, ಹಿಮ, ಟೋಪಿಯ ಮನುಷ್ಯ, ಬೆಕ್ಕಿನ ಮರಳು ಎಲ್ಲವನ್ನೂ. ಭಾವ ಅಡ್ಡ ಬಾಯಿ ಹಾಕದೆ ಕೇಳಿದರು. ಬೆಕ್ಕಿನ ವಿಷಯವನ್ನು ಎರಡು ಸಲ ಹೇಳಿಸಿದರು. ಬಾಗಿಲ ಮೇಲಿನ ಕೈ ಯಾವಾಗಲೋ ತೊಡೆಯ ಮೇಲೆ ಬಂದಿತ್ತು. ಕೊನೆಗೆ, “ಮುಂದೆ ಭಾರ ಆತು ಹೇಳ್ತೆ. ಮುಂದೆ ಎಂತೆಂತ ಇದ್ದು, ಹೇಳು ನೋಡನ” ಎಂದರು.

“ಇಂಜಿನ್ನು. ಬ್ಯಾಟರಿ.” ಸ್ವಲ್ಪ ತಡೆದು, “ನೀವು” ಎಂದೆ.

“ಮತ್ತೆ?”

“ಅಷ್ಟೇ.”

“ಇಷ್ಟು ವರ್ಷ ಪೇಪರಿಗೆ ಬರದ್ದೆ, ಒಂದು ಬಿಟ್ಟೆ ಅಲ್ದ ಭಾವ” ಎಂದು ನನ್ನ ಹೊಟ್ಟೆಯನ್ನು ನೋಡಿದರು. “ಸ್ಟೇರಿಂಗ್ ಹಿಡ್ಕಂಡು ಕುಂತದ್ದು ಎಂತ, ಛತ್ರಿಯಾ?”

ಹೊರಗೆ ಬಸಣ್ಣ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. ಕೊಡೆ ಕುಲುಕುತ್ತಿತ್ತು. ಮೂರು ವಾರ ನಾನು ಕಲ್ಲು ಎಣಿಸಿದ್ದೆ, ಛತ್ರಿ ಎಣಿಸಿದ್ದೆ, ಭಾವನನ್ನೂ ಎಣಿಸಿದ್ದೆ. ಆ ಗಾಡಿಯ ಮುಂಭಾಗದಲ್ಲಿ ಇಂಜಿನ್ನನ್ನು ಬಿಟ್ಟರೆ ಅತಿ ಭಾರದ ವಸ್ತು ನಾನೇ ಎಂಬುದು ಟಿಪ್ಪಣಿಯಲ್ಲಿ ಎಲ್ಲಿಯೂ ಇರಲಿಲ್ಲ.

“ತಂಗಿ, ನಿಂಗೆ ಕಾರಿನ ಲೈಸನ್ಸ್ ಇದ್ದಲ?” ಎಂದರು ಭಾವ.

“ಇದ್ದು.”

“ಹಂಗಾರೆ ಮುಂದೆ ಬಾ. ಎಂಗ ಇಬ್ರೂ ಹಿಂದೆ ಕೂರ್ತ್ಯ.”

ಶೈಲಾ ಸ್ಕೂಟಿ ಬಿಟ್ಟು ಬೇರೆ ಓಡಿಸಿದ್ದನ್ನು ನಾನು ನೋಡಿರಲಿಲ್ಲ. ವ್ಯಾನು ಅವಳಿಗೆ ಕಷ್ಟ ಎಂದು ನಾನೇ ತೀರ್ಮಾನಿಸಿದ್ದೆ. ಭಾವ ನನ್ನ ಭುಜ ಹಿಡಿದು ಇಳಿದು, ಹಿಂದಿನ ಸೀಟಿಗೆ ಏರಿ, ಪಕ್ಕದಲ್ಲಿ ನನಗೆ ಜಾಗ ಬಿಟ್ಟರು. ನಮ್ಮ ಹಿಂದೆ ಜಮಖಾನದ ಮೇಲೆ ಬಸಣ್ಣ ಚಕ್ಕಳಮಕ್ಕಳ ಹಾಕಿ ಕೂತ. ಶೈಲಾ ಏರಿನ ಬುಡದವರೆಗೂ ಮೆಲ್ಲಗೆ ಹಿಂದಕ್ಕೆ ಇಳಿಸಿದಳು. ಆಮೇಲೆ ನಾನು ಬಾಯಿ ತೆರೆಯುವ ಮೊದಲೇ ಎರಡನೆಯ ಗೇರು ಬಿತ್ತು. ಮೂರು ವಾರ ಚಪಾತಿ ಲಟ್ಟಿಸುತ್ತ ಅವಳೂ ಪಾಠ ಕೇಳಿದ್ದಳು ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ವ್ಯಾನು ಒಮ್ಮೆಯೂ ಕೊಸರಾಡದೆ, ದೇವರ ಮುಂದೆ ಆರತಿ ಎತ್ತುವಷ್ಟು ನಯವಾಗಿ ಮೇಲೆ ಹೋಯಿತು. ಜಾರುವಲ್ಲಿ ಭಾವನ ಮೊಣಕಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ಅವರು ತೆಗೆಯಲಿಲ್ಲ. ಗೇಟಿನ ಮುಂದೆ ನಿಂತಾಗ ಹೇಳಿದರು: “ಇದನ್ನೂ ಬರಿ. ಭಾಷಣ ಮಾಡಂವ ಹಿಂದೆ ಕುಂತಿದ್ದಕ್ಕೆ ಊಟ ಹೊತ್ತಿಗೆ ಸರಿಯಾಗಿ ಶುರು ಆತು ಹೇಳಿ.” ಅಂದು ಹಾಕಿದ ಬಾಳೆಯಲ್ಲಿ ಒಂದೂ ಹೆಚ್ಚಾಗಲಿಲ್ಲ. ಶೈಲಾ ಅಣ್ಣನಿಗೆ ಎರಡನೆಯ ಸಲ ಪಾಯಸ ಬಡಿಸಿ, ಬೇಡವೆಂದರೂ ಮೂರನೆಯ ಸಲ ಬಡಿಸಿದಳು. ಹಿಂದಿನ ಚಕ್ರಕ್ಕೆ ಒಳ್ಳೆಯದು ಎಂದುಕೊಂಡೆ.

ಈಗ ಮಳೆಗಾಲದಲ್ಲಿ ವ್ಯಾನು ಶೈಲಾಳ ಕೈಯಲ್ಲಿದೆ. ಚಿರೆಕಲ್ಲುಗಳು ತುಳಸಿಕಟ್ಟೆಗೆ ಹೋದವು, ಅವುಗಳ ಜಾಗಕ್ಕೆ ನಾನಿದ್ದೇನೆ. ಮೊನ್ನೆ ಬೆಳಿಗ್ಗೆ ಜೋರು ಮಳೆಯಲ್ಲಿ ಬಸಣ್ಣನ ಫೋನು ಬಂತು. ಅವನ ತಮ್ಮನ ಟೆಂಪೊ ಏರಿನಲ್ಲಿ ಸಿಕ್ಕಿಕೊಂಡಿದೆ, ಬೇಗ ಬನ್ನಿ ಎಂದ. ಅಭ್ಯಾಸಬಲದಿಂದ ನಾನು ಕಾಗದ ಎಳೆದುಕೊಂಡು, ಎಷ್ಟು ಹೊತ್ತಿಗೆ ಸಿಕ್ಕಿತು, ಒಳಗೆ ಎಷ್ಟು ಜನ, ಯಾರಿಗಾದರೂ ಪೆಟ್ಟಾಗಿದೆಯೇ ಎಂದು ಒಂದೊಂದಾಗಿ ಕೇಳತೊಡಗಿದೆ.

“ಬರಿಯೂದೇನಿಲ್ರಿ ಸರ” ಎಂದ ಬಸಣ್ಣ. “ನೀವು ಬಂದು ಹಿಂದ ಕುಂತ್ರ ಸಾಕು.”