ಎಂಟನೇ ಕಾಲಮ್ಮಿಗೆ ಓಲಗದ ಉತ್ತರ

ನನಗೆ ಶತ್ರುಗಳು ಕಡಿಮೆ. ಇಪ್ಪತ್ತಾರು ವರ್ಷದಿಂದ ಶಿವಮೊಗ್ಗದ ದುರ್ಗಿಗುಡಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿರುವ ಹೆಂಗಸಿಗೆ ಇದೇ ದೊಡ್ಡ ಸಾಧನೆ ಅಂತ ನಮ್ಮ ಯಜಮಾನರು ಹೇಳುತ್ತಾರೆ. ಹೇಳುವಾಗ ಮಾತ್ರ ಎರಡು ಹೆಜ್ಜೆ ದೂರ ನಿಂತಿರುತ್ತಾರೆ. ನನಗಿರುವ ಒಂದೇ ಒಂದು ಶತ್ರು ಮನುಷ್ಯ ಜಾತಿಗೆ ಸೇರಿದ್ದಲ್ಲ, ಅದೊಂದು ಅರ್ಜಿಯ ಎಂಟನೇ ಕಾಲಮ್ಮು. ನಗಬೇಡಿ. ಮನುಷ್ಯರ ಜೊತೆ ಜಗಳವಾದರೆ ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಟ್ಟು ರಾಜಿ ಆಗಬಹುದು. ಕಾಲಮ್ಮಿಗೆ ಎಳ್ಳುಬೆಲ್ಲ ಕೊಡೋಕಾಗುತ್ತಾ? ಅದು ಬಾಯಿ ತೆರೆದುಕೊಂಡು ಕೂತಿರುತ್ತೆ, ನಾವು ತುಂಬಬೇಕು. ಆದರೆ ನಮ್ಮ ಹತ್ತಿರ ಇರುವುದು ಅದಕ್ಕೆ ಬೇಡ, ಅದಕ್ಕೆ ಬೇಕಾದ್ದು ನಮ್ಮ ಹತ್ತಿರ ಇಲ್ಲ.

ವಿಷಯ ಏನಪ್ಪಾ ಅಂದರೆ, ನನ್ನ ಮಗಳು ಮೇಘನಾ ನಾಗಸ್ವರ ಊದುತ್ತಾಳೆ. ವೀಣೆ ಅಲ್ಲ, ಪಿಟೀಲು ಅಲ್ಲ, ನಾಗಸ್ವರ. ಮದುವೆಮನೆಯಲ್ಲಿ ನಾವೆಲ್ಲ ಓಲಗ ಅಂತೀವಲ್ಲ, ಅದೇ. ಅವಳಿಗೆ ಹತ್ತು ವರ್ಷ ಇದ್ದಾಗ ಭದ್ರಾವತಿಯಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ. ಧಾರೆ ಮುಗಿದದ್ದೇ ತಡ, ಜನವೆಲ್ಲ ಊಟದ ಹಾಲಿಗೆ ನುಗ್ಗಿದರು, ನಾನೂ ನುಗ್ಗಿದೆ. ಪಾಯಸದ ಹೊತ್ತಿಗೆ ನೋಡಿದರೆ ಮಗಳಿಲ್ಲ. ಎಂಜಲು ಕೈಯಲ್ಲೇ ಓಡಿ ಬಂದು ನೋಡಿದರೆ, ಖಾಲಿ ಕುರ್ಚಿಗಳ ಮುಂದೆ, ಓಲಗದವರ ಎದುರು ಚಕ್ಕಳಮಕ್ಕಳ ಹಾಕಿಕೊಂಡು ಕೂತಿದ್ದಾಳೆ. ಊದುತ್ತಿದ್ದವರು ಪಳನಿಸ್ವಾಮಿ ಮೇಸ್ತ್ರಿ. ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆ ಕೆಲಸ, ರಜೆ ದಿನ ಮದುವೆ ಓಲಗ. ಅಜ್ಜನ ಕಾಲದಲ್ಲೇ ತಮಿಳುನಾಡಿನಿಂದ ಬಂದು ಇಲ್ಲಿಯವರೇ ಆದ ಮನೆತನ. ಊದುವುದು ನಿಲ್ಲಿಸಿ, "ಈ ಪಾಪಾಗೆ ಕಿವಿ ಇದೆಯಮ್ಮಾ" ಅಂದರು. "ಕಿವಿ ಎಲ್ಲರಿಗೂ ಇದೆಯಲ್ಲ" ಅಂದೆ ನಾನು, ಟೀಚರ್ ಬುದ್ಧಿ. "ಮಂಟಪದೊಳಗೆ ಇರಲ್ಲಮ್ಮಾ" ಅಂದರು ಅವರು. ಅವತ್ತು ಮೇಘನಾ ಊಟ ಮಾಡಿದ್ದು ಓಲಗದವರ ಜೊತೆ, ಕಟ್ಟಕಡೆಯ ಪಂಕ್ತಿಯಲ್ಲಿ. ಮುಂದಿನ ಭಾನುವಾರದಿಂದ ಮೇಸ್ತ್ರಿಯವರ ಹತ್ತಿರ ಪಾಠಕ್ಕೆ ಅಂತ ಭದ್ರಾವತಿಯ ಬಸ್ಸು ಹತ್ತುವುದು ಶುರುವಾಯಿತು.

ನಾಗಸ್ವರ ಇರುವ ಮನೆಯಲ್ಲಿ ಸಂಸಾರ ಮಾಡುವುದು ಏನು ಅಂತ ಬೇರೆಯವರಿಗೆ ಗೊತ್ತಾಗುವುದಿಲ್ಲ. ವೀಣೆಯಾದರೆ ಬಾಗಿಲು ಹಾಕಿದರಾಯಿತು. ಇದು ಬಾಗಿಲನ್ನೂ ಸೇರಿಸಿಕೊಂಡು ಊದುತ್ತೆ. ವಿದ್ಯಾನಗರದ ನಮ್ಮ ಬೀದಿಯಲ್ಲಿ ಯಾರೂ ಅಲಾರಂ ಇಟ್ಟುಕೊಳ್ಳುವುದಿಲ್ಲ. ಪಕ್ಕದ ಮನೆಯ ಗುರುಮೂರ್ತಿಯವರು, ರಿಟೈರ್ಡ್ ಆಫೀಸರ್, ಒಂದು ದಿನ ಲಿಖಿತ ದೂರನ್ನೇ ತಂದುಕೊಟ್ಟರು: "ತಮ್ಮ ಪುತ್ರಿಯು ಕಳೆದ ಏಳು ವರ್ಷಗಳಿಂದ ಪ್ರತಿದಿನ ಬೆಳಗ್ಗೆ ಐದೂವರೆಯಿಂದ ಏಳರವರೆಗೆ, ಭಾನುವಾರ ಹಾಗೂ ಹಬ್ಬಹರಿದಿನಗಳನ್ನೂ ಬಿಡದೆ..." ಆಯನೂರಿನ ನಮ್ಮ ನಾದಿನಿಯದು ಇನ್ನೊಂದು ರಾಗ. "ಅತ್ತಿಗೆ, ನಮ್ಮ ಮನೆ ಹುಡುಗಿ ಓಲಗ ಊದೋದಾ? ನಾಳೆ ಗಂಡು ನೋಡೋಕೆ ಬಂದೋರಿಗೆ ಏನು ಹೇಳ್ತೀರಿ?" ಅಂದಳು. "ಮದುವೆಗೆ ಓಲಗದ ಖರ್ಚು ಉಳೀತು ಅಂತ ಹೇಳ್ತೀನಿ ಮಾರಾಯ್ತಿ" ಅಂದೆ. ಆರು ತಿಂಗಳು ಅವಳು ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ.

ಹೀಗಿರುವಾಗ ಬೆಂಗಳೂರಿನ ಒಂದು ಟ್ರಸ್ಟು, ಸಂಗೀತ, ನೃತ್ಯ, ನಾಟಕವನ್ನೇ ವೃತ್ತಿ ಮಾಡಿಕೊಳ್ಳಲು ಹೊರಟ ಪ್ರತಿಭಾವಂತ ಹುಡುಗ ಹುಡುಗಿಯರಿಗೆ ಪುರಸ್ಕಾರ ಕೊಡುತ್ತೆ ಅಂತ ಗೊತ್ತಾಯಿತು. ಸಿಕ್ಕಿದವರಿಗೆ ಒಂದು ವರ್ಷ ಬೇರೆ ಯೋಚನೆ ಇಲ್ಲ. ದೊಡ್ಡ ವಿದ್ವಾಂಸರ ಬಳಿ ಪಾಠ, ಒಳ್ಳೆಯ ವಾದ್ಯ, ಆಮೇಲೆ ಮೂರು ಊರಿನ ಸಭೆಗಳಲ್ಲಿ ಕಚೇರಿ. ಮೇಘನಾ ಬಿ.ಕಾಂ. ಮುಗಿಸಿದ್ದಳು. "ಇದು ಸಿಕ್ಕಿದ್ರೆ ನಾಗಸ್ವರ, ಸಿಗದಿದ್ರೆ ಬಿ.ಎಡ್." ಅಂತ ಅವರಪ್ಪ ತೀರ್ಪು ಕೊಟ್ಟಿದ್ದರು. ಅವಳು ಬಿ.ಎಡ್. ಅಂದರೆ ಜ್ವರ ಬಂದವಳ ಹಾಗೆ ಮುದುಡಿಕೊಳ್ಳುತ್ತಿದ್ದಳು. ಒಬ್ಬ ಟೀಚರಮ್ಮನ ಎದುರೇ ಹೀಗೆ ಮುದುಡುವುದು ಮರ್ಯಾದೆಯಲ್ಲ. ಆದರೂ ನನಗೆ ಅರ್ಥವಾಗುತ್ತಿತ್ತು.

ಅರ್ಜಿ ಬಂತು. ಏಳು ಕಾಲಮ್ಮು ಸಲೀಸಾಗಿ ತುಂಬಿದೆ. ಎಂಟನೆಯದು: "ಈವರೆಗೆ ನೀಡಿರುವ ಕಚೇರಿಗಳ ವಿವರ. ಮದುವೆ, ಗೃಹಪ್ರವೇಶ ಮುಂತಾದ ಸಮಾರಂಭಗಳನ್ನು ಪರಿಗಣಿಸಲಾಗುವುದಿಲ್ಲ." ಅಬ್ಬಾ, ನನ್ನ ಪಿತ್ತ ನೆತ್ತಿಗೇರಿತು ನೋಡಿ! ನಾಗಸ್ವರದವರು ಮದುವೆಯಲ್ಲಿ ಊದದೆ ಇನ್ನೆಲ್ಲಿ ಊದಬೇಕು, ನೀರಿನ ಟ್ಯಾಂಕಿನ ಮೇಲಾ? ಐದು ಗಂಟೆ ಎಡೆಬಿಡದೆ, ಹೊಗೆ ಕುಡಿಯುತ್ತಾ, ಯಾರೂ ಕೇಳದಿದ್ದರೂ ಶ್ರುತಿ ಬಿಡದೆ ಊದುವುದು ಲೆಕ್ಕಕ್ಕಿಲ್ಲ. ಸಭೆಯಲ್ಲಿ ಒಂದು ಗಂಟೆ ಊದಿ ಶಾಲು ಹೊದ್ದುಕೊಂಡರೆ ಲೆಕ್ಕಕ್ಕುಂಟು! "ಖಾಲಿ ಬಿಡು ಅಮ್ಮ" ಅಂದಳು ಮೇಘನಾ. ಬಿಡ್ತೀನಾ? ಬಿಳಿ ಹಾಳೆ ಅಂಟಿಸಿ ಅಂಟಿಸಿ ಅವಳು ಊದಿದ ಮದುವೆಗಳನ್ನೆಲ್ಲ ಬರೆದೆ. ವಧು, ವರ, ಕಲ್ಯಾಣ ಮಂಟಪ, ಊದಿದ ರಾಗ. ಪ್ರತಿಯೊಂದರ ಮುಂದೂ "ಶ್ರೋತೃಗಳು: ಎಂಟುನೂರು. ಕೇಳಿದವರು: ಯಾರೂ ಇಲ್ಲ" ಅಂತ ಸೇರಿಸಿದೆ. "ನಿತ್ಯಾಭ್ಯಾಸದ ಬಗ್ಗೆ ಗಣ್ಯರೊಬ್ಬರ ದೃಢೀಕರಣ" ಅಂತ ಬೇರೆ ಕೇಳಿದ್ದರು. ಗುರುಮೂರ್ತಿಯವರ ದೂರನ್ನೇ ಲಗತ್ತಿಸಿದೆ. ಅದಕ್ಕಿಂತ ಕರಾರುವಾಕ್ಕಾದ ಸರ್ಟಿಫಿಕೇಟು ಯಾವ ಗಣ್ಯರೂ ಕೊಡಲಾರರು.

ಆಶ್ಚರ್ಯವೆಂದರೆ ಆಯ್ಕೆಗೆ ಕರೆ ಬಂತು. ಶಿವಮೊಗ್ಗದಲ್ಲೇ ಒಂದು ಸಭಾಂಗಣ, ಮೂವರು ತೀರ್ಪುಗಾರರು, ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಮುಂದಿನದು ಹೇಳುವ ಮೊದಲು ಗಟ್ಟಿಮೇಳದ ವಿಷಯ ನೆನಪಿಸುತ್ತೇನೆ. ಓಲಗದವರು ಯಾವ ರಾಗದಲ್ಲೇ ಮುಳುಗಿರಲಿ, ಒಂದು ಕಣ್ಣು ಪುರೋಹಿತರ ಮೇಲೇ ಇರಬೇಕು. ಅವರು ಕೈ ಎತ್ತಿ ಬೆರಳು ಆಡಿಸಿದರೋ, ಇದ್ದ ರಾಗ ಅಲ್ಲೇ ಬಿಟ್ಟು ಡೋಲು, ನಾಗಸ್ವರ ಎರಡೂ ಸೇರಿ ಭೋರ್ಗರೆಯಬೇಕು. ತಾಳಿಯ ಮೂರು ಗಂಟು ಬೀಳುವವರೆಗೆ ನಿಲ್ಲಿಸುವ ಹಾಗಿಲ್ಲ. ಇದರಲ್ಲಿ ಯಡವಟ್ಟೂ ಆಗುತ್ತೆ. ನನ್ನ ಮದುವೆಯಲ್ಲೇ ಓಲಗದವರು ಮುಹೂರ್ತಕ್ಕೆ ಅರ್ಧ ಗಂಟೆ ಮೊದಲೇ ಗಟ್ಟಿಮೇಳ ಬಾರಿಸಿಬಿಟ್ಟರು. ಜನ ಕೈಲಿದ್ದ ಅಕ್ಷತೆಯನ್ನೆಲ್ಲ ಫೋಟೋಗ್ರಾಫರ್ ತಲೆ ಮೇಲೆ ಸುರಿದು ಊಟಕ್ಕೆ ಹೊರಟರು! ಈ ಕಥೆಯನ್ನು ಇಪ್ಪತ್ತನಾಲ್ಕು ವರ್ಷದಿಂದ ನೂರಾರು ಸಲ ಹೇಳಿ ನಗಿಸಿದ್ದೇನೆ. ಮೇಸ್ತ್ರಿಯವರ ಎದುರೂ ಹೇಳಿದ್ದೇನೆ, ಅವರೂ ನಕ್ಕಿದ್ದಾರೆ.

ಮೇಘನಾ ಕಾಂಬೋಧಿ ರಾಗ ಎತ್ತಿಕೊಂಡಳು. ಡೋಲಿಗೆ ಮೇಸ್ತ್ರಿಯವರ ಮಗ ಸೆಲ್ವ. ಎಷ್ಟು ಚೆನ್ನಾಗಿ ಊದಿದಳು ಅಂದರೆ, ಬೇರೆ ಅಭ್ಯರ್ಥಿಗಳ ತಾಯಂದಿರು ಮೊಬೈಲು ಕೆಳಗಿಟ್ಟರು. ಹದಿನೈದು ನಿಮಿಷ ಆಯಿತು. ಮಧ್ಯೆ ಕೂತಿದ್ದ ಮುಖ್ಯ ತೀರ್ಪುಗಾರರು, ಸಾಕು ಅನ್ನುವುದಕ್ಕೆ, ಕೈ ಎತ್ತಿ ಬೆರಳು ಆಡಿಸಿದರು. ಅಷ್ಟೇ. ಭೋರ್! ಅವರು ಗಾಬರಿಯಾಗಿ ಇನ್ನೂ ಜೋರಾಗಿ ಕೈ ಆಡಿಸಿದರು, ಸೆಲ್ವ ಇನ್ನೂ ಜೋರಾಗಿ ಬಾರಿಸಿದ. ಸಭೆಯಲ್ಲಿದ್ದ ಅಷ್ಟೂ ಜನ ಎದ್ದು ನಿಂತು, ಬಲಗೈ ಮುಷ್ಟಿ ಹಿಡಿದುಕೊಂಡು, ವಧೂವರರು ಎಲ್ಲಿ ಅಂತ ಹುಡುಕುತ್ತಿದ್ದಾರೆ. ತಾಳಿ ಕಟ್ಟುವವರೇ ಇಲ್ಲದ ಮೇಲೆ ನಿಲ್ಲಿಸುವುದು ಹೇಗೆ? ಕೊನೆಗೆ ಮೇಸ್ತ್ರಿಯವರೇ ವೇದಿಕೆ ಹತ್ತಿ ಡೋಲಿನ ಮೇಲೆ ಅಂಗೈ ಇಟ್ಟರು. "ಇದೇನಮ್ಮಾ ಇದು?" ಅಂದರು ತೀರ್ಪುಗಾರರು. "ನೀವೇ ಕೈ ತೋರಿಸಿದ್ರಲ್ಲ ಸಾರ್" ಅಂದಳು ನನ್ನ ಮಗಳು, ಏದುಸಿರು ಬಿಡುತ್ತಾ.

ಹದಿನೈದು ದಿನಕ್ಕೆ ಪತ್ರ ಬಂತು. "ವೇದಿಕೆಯ ಶಿಸ್ತು ಸಾಲದು. ಕಚೇರಿಯ ಅನುಭವವಿಲ್ಲ. ಮುಂದಿನ ವರ್ಷ ಪ್ರಯತ್ನಿಸಬಹುದು." ಮೇಘನಾ ಓದಿ, ಮಡಿಸಿಟ್ಟು, ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನನಗೆ ಗೊತ್ತಾಗಲಿಲ್ಲ ಅಂದುಕೊಂಡಳು. ಬಿ.ಎಡ್. ಅರ್ಜಿ ತಂದಿದ್ದ ಯಜಮಾನರ ಮುಂದೆ ನಿಂತು, "ಇನ್ನೊಂದು ವರ್ಷ ಇದೆ. ಆ ಅರ್ಜಿ ಬೇಕಾದ್ರೆ ನೀವೇ ತುಂಬ್ಕೊಳ್ಳಿ" ಅಂದೆ. ಕಚೇರಿ ಬೇಕು ತಾನೇ? ನಮ್ಮನೆ ತಾರಸಿ ಮೇಲೇ ಮಾಡಿಸ್ತೀನಿ ಅಂತ ಹೊರಟೆ. ಶಾಮಿಯಾನ ಹಾಕಿಸಿದೆ, ಜಮಖಾನ ಹಾಸಿಸಿದೆ, ಮೈಕ್ ಮಾತ್ರ ಇಲ್ಲ. ಈ ವಾದ್ಯಕ್ಕೆ ಮೈಕ್ ಇಟ್ಟರೆ ಗುರುಮೂರ್ತಿಯವರು ಮನೆ ಮಾರಿಕೊಂಡು ಹೋಗ್ತಾರೆ. ಅವರನ್ನೂ ಕರೆದೆ, ಮೊದಲ ಸಾಲು ಕೊಟ್ಟೆ. ಆಯನೂರಿನ ನಾದಿನಿಯೂ ಬಂದಳು. ಕಚೇರಿಯ ದಿನ ಬೆಳಗ್ಗೆಯೇ ಇನ್ನೊಂದು ಕೆಲಸ ಮಾಡಿದ್ದೆ. ಆ ಮುಖ್ಯ ತೀರ್ಪುಗಾರರಿಗೆ ಮೂರು ಪುಟದ ಕಾಗದ ಬರೆದು ರಿಜಿಸ್ಟರ್ಡ್ ಪೋಸ್ಟಿಗೆ ಹಾಕಿ ಬಂದಿದ್ದೆ: "ಕಲಾವಿದರು ರಾಗದಲ್ಲಿ ಮುಳುಗಿರುವಾಗ ಅವರ ಮುಂದೆ ಕೈ ಎತ್ತುವುದು ಯಾವ ಸಂಸ್ಕಾರ? ಶಿಸ್ತು ಮೊದಲು ಕೇಳುವವರಿಗಿರಬೇಕು. ಮೂವತ್ತೆಂಟು ಮಕ್ಕಳ ತರಗತಿ ನಡೆಸುವವಳಾಗಿ ಹೇಳುತ್ತಿದ್ದೇನೆ..."

ಸಂಜೆ ಐದಕ್ಕೆ ಕಚೇರಿ ಶುರುವಾಯಿತು. ಮತ್ತೆ ಅದೇ ಕಾಂಬೋಧಿ. ಗುರುಮೂರ್ತಿಯವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಏಳು ವರ್ಷದ ಸಿಟ್ಟು ಮುಖದಿಂದ ಇಳಿದುಹೋಗಿತ್ತು. ಮೇಘನಾ ಮೇಲಿನ ಷಡ್ಜದ ಹತ್ತಿರ ಹತ್ತಿರ ಹೋಗುತ್ತಿದ್ದಾಳೆ, ಇನ್ನೇನು ಮುಟ್ಟಬೇಕು. ಅಷ್ಟರಲ್ಲಿ ಮೆಟ್ಟಿಲ ಹತ್ತಿರ ಕಾಫಿ ತಟ್ಟೆ ಹಿಡಿದುಕೊಂಡು ನಮ್ಮ ಯಜಮಾನರು ಕಂಡರು. ಆರಿ ಹೋಗುತ್ತಲ್ಲ ಅನ್ನಿಸಿತು. ಕೈ ಎತ್ತಿ, ಇಲ್ಲಿ ಮೊದಲು ಕೊಡಿ ಅಂತ, ಬೆರಳು ಆಡಿಸಿದೆ.

ಭೋರ್! ಗುರುಮೂರ್ತಿಯವರು ಬೆಚ್ಚಿಬಿದ್ದು ಎದ್ದರು, ನಾದಿನಿ ಎದ್ದಳು, ಎಲ್ಲರೂ ಎದ್ದರು. ಯಜಮಾನರ ಕೈಯಲ್ಲಿದ್ದ ಕಾಫಿ ಜಮಖಾನದ ಪಾಲಾಯಿತು. ಮೇಸ್ತ್ರಿಯವರು ಮತ್ತೆ ಡೋಲಿನ ಮೇಲೆ ಅಂಗೈ ಇಟ್ಟರು. ಆಮೇಲೆ ನನ್ನ ಕಡೆ ತಿರುಗಿ ನಗುತ್ತಲೇ ಅಂದರು: "ಅದೇ ಕೈ ಅಮ್ಮಾ."

"ಯಾವ ಕೈ?"

"ನಿಮ್ಮ ಮದುವೇಲಿ ಊದಿದ್ದು ನಾನೇ. ಫೋಟೋದವ್ರ ಮಾತು ಕೇಳಿಸ್ತಿಲ್ಲ, ಓಲಗ ನಿಲ್ಸಿ ಅಂತ ನೀವು ಹಸೆಮಣೆ ಮೇಲಿಂದ ಕೈ ಎತ್ತಿದ್ರಿ. ನಾವು ಮುಹೂರ್ತ ಅಂದ್ಕೊಂಡ್ವಿ. ನಿಮ್ಮ ಮಾವನವರು ನಮಗೆ ಚೆನ್ನಾಗಿ ಬೈದ್ರು."

ಎಲ್ಲರೂ ಗೊಳ್ಳೆಂದು ನಕ್ಕರು. ನನ್ನ ನಾದಿನಿ ನಕ್ಕಷ್ಟು ಯಾರೂ ನಗಲಿಲ್ಲ. "ಹನ್ನೊಂದು ವರ್ಷದಿಂದ ಯಾಕೆ ಹೇಳಲಿಲ್ಲ ಮೇಸ್ತ್ರಿ?" ಅಂದೆ. "ನೀವು ಆ ಕಥೆ ಚೆನ್ನಾಗಿ ಹೇಳ್ತಿದ್ರಿ" ಅಂದರು ಅವರು. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಅವತ್ತು ಊದುತ್ತಿದ್ದದ್ದು ಏನು ಅಂತ ಮೆಲ್ಲಗೆ ಕೇಳಿದೆ. "ಇದೇ ಕಾಂಬೋಧಿ ಅಮ್ಮಾ. ಇದೇ ಜಾಗದಲ್ಲಿ ನಿಂತ್ಹೋಯ್ತು" ಅಂದರು.

ಮುಂದಿನ ವರ್ಷ ಅರ್ಜಿ ಹಾಕಿಯೇ ಹಾಕುತ್ತೇವೆ. ಎಂಟನೇ ಕಾಲಮ್ಮಿನಲ್ಲಿ ಈ ಕಚೇರಿಯೂ ಇರುತ್ತೆ, ಮದುವೆಗಳೂ ಇರುತ್ತವೆ, ಒಂದನ್ನೂ ಹೊಡೆದುಹಾಕುವುದಿಲ್ಲ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋದ ಮೂರು ಪುಟದಲ್ಲೂ ಒಂದಕ್ಷರ ವಾಪಸ್ ತೆಗೆದುಕೊಳ್ಳುವುದಿಲ್ಲ, ಬರೆದದ್ದೆಲ್ಲ ಸತ್ಯವೇ. ಒಂದು ಪ್ರತಿಯನ್ನು ನನ್ನ ವಿಳಾಸಕ್ಕೂ ಕಳಿಸಬೇಕಿತ್ತು, ಅಷ್ಟೇ. ಮೇಘನಾ ಸೀರೆ ಸೆರಗಿನಿಂದ ಬಾಯಿ ಒರೆಸಿಕೊಂಡು ಮೊದಲಿನಿಂದ ಊದಲು ಶುರುಮಾಡಿದಳು. ನಾನು ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು, ಇಪ್ಪತ್ತನಾಲ್ಕು ವರ್ಷ ತಡವಾಗಿ, ಕೇಳೋಕೆ ಕೂತೆ.