ಭಾವ ಒಪ್ಪು ಹಾಕುವುದಿಲ್ಲ

"ಓದಿದ್ದೇನೆ, ಅರ್ಥವಾಗಿದೆ, ಒಪ್ಪಿದ್ದೇನೆ" ಎಂದು ನಾವೆಲ್ಲ ದಿನಾ ಮೊಬೈಲಿಗೆ ಸುಳ್ಳು ಹೇಳುತ್ತೇವಲ್ಲ, ಆ ಸುಳ್ಳನ್ನು ಒಂದು ಸಲವೂ ಹೇಳದ ಮನುಷ್ಯ ಲೋಕದಲ್ಲಿ ಒಬ್ಬರೇ ಇರುವುದು. ಅವರು ನನ್ನ ಅಕ್ಕನ ಗಂಡ! ಹೊಗಳಿದೆ ಅಂತ ತಿಳಿಯಬೇಡಿ. ಅಂಥ ಸತ್ಯವಂತರ ಪಕ್ಕದಲ್ಲಿ ಕೂತು ಒಂದು ಆಪ್ ಇಳಿಸಿಕೊಟ್ಟು ನೋಡಿ, ಸುಳ್ಳುಗಾರರ ಮೇಲೆ ಗೌರವ ಹುಟ್ಟುತ್ತದೆ.

ಇದಕ್ಕೆಲ್ಲ ಮೂಲ ಒಂದು ಶಬ್ದ. ಕಾಸರಗೋಡಿನ ನಾವು ಮನೆಯಲ್ಲಿ ಏನೇ ಮಾತಾಡಿದರೂ ಕಚೇರಿಗೆ ಹೋದರೆ ಮಲಯಾಳ. ಮಲಯಾಳದಲ್ಲಿ 'ಒಪ್ಪು' ಎಂದರೆ ಸಹಿ. ಹಾಗಾಗಿ ನಮ್ಮಲ್ಲಿ ಸಹಿ ಮಾಡುವವರು ಕಡಿಮೆ, ಒಪ್ಪು ಹಾಕುವವರೇ ಹೆಚ್ಚು. ಭಾವನ ಹೊಸ ಮೊಬೈಲು 'ಒಪ್ಪು' ಎಂಬ ನೀಲಿ ಗುಂಡಿ ತೋರಿಸಿದ್ದೇ ತಡ, ಅವರು ಕನ್ನಡಕ ಏರಿಸಿ, ತೋರುಬೆರಳಿನಿಂದ ಅದರ ಮೇಲೆ ತಮ್ಮ ಪೂರ್ತಿ ಸಹಿಯನ್ನು ಬಾಲ, ಅಡಿಗೆರೆ, ಚುಕ್ಕೆ ಸಮೇತ ಬರೆದರು. ಬಾಲ ಎಳೆಯುವಾಗ ಪುಟ ಹಾರಿತು. ಚುಕ್ಕೆ ಇಡುವಾಗ ಕ್ಯಾಮರಾ ತೆರೆದು ಅವರದೇ ಮೂಗಿನ ಹೊಳ್ಳೆ ಕಾಣಿಸಿತು!

"ಸಹಿ ಅಲ್ಲ ಭಾವ, ಸುಮ್ಮನೆ ಒತ್ತಿದರೆ ಸಾಕು" ಎಂದೆ.

"ಒಪ್ಪು ಅಂತ ಬರೆದದ್ದು ನಿನಗೆ ಕಾಣುವುದಿಲ್ಲವಾ ಮಾರಾಯ? ಇನ್ನೊಮ್ಮೆ ಒಪ್ಪು ಹಾಕುವ ಮೊದಲು ಮೇಲೆ ಎಂತ ಬರೆದಿದ್ದಾರೆ ಅಂತ ಓದಬೇಕು."

ಓದಿದರು ನೋಡಿ! ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಭಾವನಿಗೆ ಬೋವಿಕಾನದಲ್ಲಿ ಕೊಡೆ, ಚಪ್ಪಲಿಯ ಅಂಗಡಿ. ಆದರೆ ಹೆಸರು ಇರುವುದು ತಾಳಮದ್ದಳೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲಿಂದಲೇ ಬರೀ ಮಾತಿನಲ್ಲಿ ಎದುರಿನವನನ್ನು ಮಲಗಿಸುವ ಕಲೆ ಅದು. ಅಂಥವರ ಕೈಗೆ ಉದ್ದೋ ಉದ್ದದ ನಿಬಂಧನೆ ಸಿಕ್ಕಿದರೆ ಬಿಡುತ್ತಾರೆಯೇ? ಪಂಚಾಂಗದ ಆಪ್ ಹಾಕಿಕೊಡಲು ಹೋದ ನನ್ನನ್ನು "ನೀನು ಕಂಪೆನಿ ಆಗು" ಎಂದು ಎದುರಿಗೆ ಕೂರಿಸಿದರು.

"ಎಲೈ ಕಂಪೆನಿಯೇ, ತಿಥಿ ಹೇಳುವ ನಿನಗೆ ನನ್ನ ಮೊಬೈಲಿನಲ್ಲಿರುವ ನಂಬರುಗಳೆಲ್ಲ ಎಂತಕ್ಕೆ?"

"ತಮಗೆ ಉತ್ತಮ ಸೇವೆ ಒದಗಿಸಲಿಕ್ಕೆ ಸ್ವಾಮೀ" ಎಂದೆ.

"ಏಕಾದಶಿ ಯಾವತ್ತು ಅಂತ ಹೇಳಲಿಕ್ಕೆ ನನ್ನ ಮೀನಿನವನ ನಂಬರು ಬೇಕಾ?"

ಕಂಪೆನಿಯ ಪರವಾಗಿ ಅಡುಗೆಮನೆಯಿಂದ ಅಕ್ಕ ಹೇಳಿದಳು: "ಅದು ಸಿಕ್ಕಿದರೆ ನೀವು ಏಕಾದಶಿ ಮಾಡುವುದಿಲ್ಲ ಅಂತ ಅವರಿಗೆ ಗೊತ್ತಾಗ್ತದಲ್ಲ!" ಭಾವನ ಎದುರು ಕಂಪೆನಿ ಗೆದ್ದದ್ದು ಅದೊಂದೇ ಸಲ.

ಮದುವೆಮನೆಗಳಲ್ಲಿ ಇನ್ನೊಂದು ಬಗೆ. ಫೋಟೋ ತೆಗೆಯಬಹುದು, ಮೊಬೈಲಿನಲ್ಲಿ ಎಲ್ಲಿಗೂ ಹಾಕಬಾರದು. "ಹಾಕಿದರೆ ಅದನ್ನು ಪ್ರಪಂಚ ಇಡೀ ಬಳಸಲಿಕ್ಕೆ, ಬದಲಿಸಲಿಕ್ಕೆ, ಇನ್ನೊಬ್ಬರಿಗೆ ಕೊಡಲಿಕ್ಕೆ ಅವರಿಗೆ ಹಕ್ಕು ಉಂಟು. ಬದಲಿಸುವುದು ಅಂದರೆ ಎಂತ? ನನ್ನ ಮೀಸೆ ತೆಗೆದರೆ?" ಮಕ್ಕಳು ಕೇಳಬೇಕಲ್ಲ! ಕೊನೆಗೆ ಭಾವ ಅಂಗಡಿಯಿಂದಲೇ ಕೊಡೆ ತಂದು, ಹಿಂದಿನ ಸಾಲಿನಲ್ಲಿ ಅದನ್ನು ಮುಖಕ್ಕೆ ಅಡ್ಡ ಬಿಡಿಸಿ ನಿಂತರು. ಫೋಟೋ ನೋಡಿದ ಯಾರೋ ಕೊಡೆಯ ಬೆಲೆ ಕೇಳಿದರಂತೆ.

ಮೀಸೆಗಿಂತಲೂ ಅವರು ಜೋಪಾನ ಮಾಡುತ್ತಿದ್ದದ್ದು ಸ್ವರವನ್ನು. ಕಂಚಿನ ಗಂಟೆಯಂಥ ಸ್ವರ. ತಾಳಮದ್ದಳೆ ಕೂಟದಲ್ಲಿ ಯಾರಾದರೂ ಮೊಬೈಲ್ ಎತ್ತಿದರೆ ಮಾತು ನಿಲ್ಲಿಸಿಬಿಡುತ್ತಿದ್ದರು. "ನಾಳೆ ನನ್ನ ಸ್ವರದಲ್ಲಿ ಟೂತ್‌ಪೇಸ್ಟ್ ಮಾರಿದರೆ ಯಾರ ಹತ್ತಿರ ವಾದ ಮಾಡುವುದು?" ಹೀಗಾಗಿ ಅವರ ಒಂದೇ ಒಂದು ಮಾತೂ ಎಲ್ಲಿಯೂ ಉಳಿದಿಲ್ಲ.

ಈ ವರ್ಷ ಆ ಸ್ವರ ಒಡೆಯಿತು. ಮಾತಾಡಿದ್ದು ಜಾಸ್ತಿಯಾಯಿತೆಂದು ನಾವು ತಮಾಷೆ ಮಾಡಿದೆವು, ಅಕ್ಕ ಕಾಳುಮೆಣಸಿನ ಕಷಾಯ ಕೊಟ್ಟಳು. ಮಂಗಳೂರಿನ ಡಾಕ್ಟರು ಪರೀಕ್ಷೆ ಮಾಡಿ, ಗಂಟಲಿನ ಸ್ವರಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ಸ್ವರ ಉಳಿಯುವುದಿಲ್ಲ ಎಂದರು. ಅಲ್ಲಿಯ ಒಬ್ಬ ಹುಡುಗಿ ಡಾಕ್ಟರು ಒಂದು ಆಪ್ ತೋರಿಸಿದರು. ಆಪರೇಷನ್ನಿಗೆ ಮೊದಲು ಅದಕ್ಕೆ ಒಂದಷ್ಟು ವಾಕ್ಯ ಓದಿಕೊಟ್ಟರೆ, ಆಮೇಲೆ ನಾವು ಬರೆದದ್ದನ್ನು ಅದು ನಮ್ಮದೇ ಸ್ವರದಲ್ಲಿ ಹೇಳುತ್ತದಂತೆ.

ಆಪ್ ತೆರೆದರೆ, ಮತ್ತೆ ಅದೇ ನೀಲಿ ಗುಂಡಿ. ಭಾವ ಒಂದಕ್ಷರ ಬಿಡದೆ ಓದಿದರು. ಸ್ವರವನ್ನು ಬಳಸುವ, ಬದಲಿಸುವ, ಇನ್ನೊಬ್ಬರಿಗೆ ಕೊಡುವ ಹಕ್ಕು ಎಲ್ಲವೂ ಅದರಲ್ಲಿತ್ತು. ವಾದ ಶುರುವಾಗುತ್ತದೆಂದು ಕಾದೆ. ಕಂಪೆನಿಯಾಗಿ ಕೂರುವ ಧೈರ್ಯ ನನಗಿರಲಿಲ್ಲ. ಅವರು ಮೊಬೈಲನ್ನು ಅಕ್ಕನ ಕಡೆಗೆ ಚಾಚಿದರು.

"ನೀನು ಒಪ್ಪು ಹಾಕು."

"ನಾನು ಎಂತಕ್ಕೆ? ಸ್ವರ ನಿಮ್ಮದಲ್ಲವಾ?"

"ಇಷ್ಟು ವರ್ಷ ಕೇಳಿದವಳು ನೀನು. ನಿನಗೆ ಕೊಟ್ಟಾಗಿದೆ. ಅದನ್ನು ಇನ್ನೊಬ್ಬರಿಗೆ ಕೊಡಲಿಕ್ಕೆ ನನಗೆ ಎಂತ ಹಕ್ಕು ಉಂಟು?"

ಅಕ್ಕ ಒಂದು ಸಾಲೂ ಓದದೆ ಒತ್ತಿದಳು. ಕೈ ಒದ್ದೆಯಾಗಿದ್ದರಿಂದ ಅದು ಕೇಳಲಿಲ್ಲ. ಸೆರಗಿಗೆ ಬೆರಳು ಒರೆಸಿ ಪುನಃ ಒತ್ತಿದಳು.

ಭಾವ ಓದತೊಡಗಿದರು. ನೀರು ಬೇಕು. ಬಾಗಿಲು ಹಾಕಿ. ಇವತ್ತು ಮಳೆ ಬರಬಹುದು. ಎಲ್ಲ ಮುಗಿದ ಮೇಲೆ, ನಮ್ಮ ಮಾತು ಬೇಕಿದ್ದರೆ ಸೇರಿಸಬಹುದು ಎಂದು ಬಂತು. ಅವರು ಗಂಟಲು ಸರಿಮಾಡಿಕೊಂಡು ಅಕ್ಕನ ಹೆಸರು ಹೇಳಿದರು. ನಮ್ಮ ಕಡೆ ಆ ಕಾಲದ ಗಂಡಸರು ಹೆಂಡತಿಯ ಹೆಸರು ಕರೆಯುವವರಲ್ಲ. ಭಾವನ ಬಾಯಲ್ಲಿ ನಾನು ಅದನ್ನು ಕೇಳಿದ್ದು ಅದೇ ಮೊದಲು.

ಅಕ್ಕ ಗಾಬರಿಯಾಗಿ "ಎಂತ?" ಎಂದುಬಿಟ್ಟಳು.

ಆಪ್ ತಕ್ಷಣ ಬರೆಯಿತು: ಬೇರೊಂದು ಧ್ವನಿ ಸೇರಿದೆ, ಅಳಿಸಿ ಮತ್ತೆ ಹೇಳಿ. ಕಣ್ಣು ತುಂಬಿ ನನಗೆ ಗುಂಡಿ ಸರಿಯಾಗಿ ಕಾಣಲಿಲ್ಲ, ಆದರೂ ಕೈ ಚಾಚಿದೆ.

ಭಾವ ನನ್ನ ಕೈ ಹಿಡಿದರು. "ಅಳಿಸಬೇಡ ಮಾರಾಯ. ಅದು ಇರಲಿ."