ಕುರುಗೋಡು ದಾಟಿದ ಅಳಿಯ

ಕುರುಗೋಡಿನಲ್ಲಿ ಕಾರು ನಿಲ್ಲಿಸದೆ ಮುಂದೆ ಹೋದ ಅಳಿಯ ನನ್ನ ಹೆಂಡತಿಯ ಬಳಗದಲ್ಲಿ ಇದುವರೆಗೆ ಒಬ್ಬನೂ ಇರಲಿಲ್ಲ. ಅರುಣಾಳ ಸೋದರಮಾವ ಕೊಟ್ಟೂರಪ್ಪನವರ ಮನೆ ರಸ್ತೆಗೆ ಅಂಟಿಕೊಂಡೇ ಇದೆ. ಕಟ್ಟೆಯ ಮೇಲೆ ಕೂತವರು ಕೈ ಅಡ್ಡ ಹಿಡಿದರೆಂದರೆ ಮುಗಿಯಿತು: ಒಗ್ಗರಣೆ ಮಿರ್ಚಿ, ಆಮೇಲೆ ಊಟ, ಊಟದ ಮೇಲೆ ನಿದ್ದೆ, ನಿದ್ದೆಯ ಮೇಲೆ ಚಹಾ. ಕಂಪ್ಲಿಯಾಚೆ ತುಂಗಭದ್ರೆಯ ಕಮರಿಯಲ್ಲಿ ನಡೆದಾಡಿ ಬರಬೇಕೆಂದು ಎರಡು ಸಲ ಹೊರಟವನು ಎರಡು ಸಲವೂ ಅವರ ಮಂಚದಿಂದಲೇ ಬಳ್ಳಾರಿಗೆ ಮರಳಿದ್ದೆ.

ದಸರೆ ಕಳೆದ ಮೇಲೆ ಬಳ್ಳಾರಿಯ ಬಿಸಿಲಿಗೂ ಸ್ವಲ್ಪ ಮರ್ಯಾದೆ ಬರುತ್ತದೆ. ಈ ಸಲ ಬಿಡಬಾರದೆಂದು ಯುದ್ಧತಂತ್ರ ರೂಪಿಸಿದೆ. (ನಮ್ಮಲ್ಲಿ ಕಾರು ಓಡಿಸುವವಳು ಅರುಣಾ, ಬ್ರೇಕ್ ಹಾಕು ಎನ್ನುವವನು ನಾನು.)

“ನೀ ಮುಖಕ್ಕ ದುಪಟ್ಟಾ ಸುತ್ಕೊ, ಕರೀ ಕನ್ನಡಕ ಹಾಕ್ಕೊ. ನಾ ಕೆಳಗ ಬಗ್ಗಿ ಕುಂದರ್ತೀನಿ,” ಎಂದೆ.

“ಮಾವಗ ಗೊತ್ತಾದ್ರ?”

“ಹೆಂಗ ಗೊತ್ತಾಕೈತಿ?”

“ನಿಮ್ಮ ಹಣೀಬರಾ,” ಎಂದು ಗೇರ್ ಬದಲಿಸಿದಳು.

ಊರು ಬರುತ್ತಲೇ ಸೀಟಿನಿಂದ ಜಾರಿ, ಕಾಲಿಡುವ ಜಾಗದಲ್ಲಿ ದೇಹವನ್ನೆಲ್ಲ ಮಡಚಿಟ್ಟೆ (ಹೊಟ್ಟೆ ಮಡಚಲಿಲ್ಲ, ಅದನ್ನು ಕೈಯಲ್ಲಿ ಹಿಡಿದುಕೊಂಡೆ). ಕಾರು ಕಟ್ಟೆಯ ಮುಂದೆ ಭರ್ರೆಂದು ಹೋಯಿತು.

ಕಮರಿ ನಿಜಕ್ಕೂ ಚೆಲುವಾಗಿತ್ತು. ಬಂಡೆಗಳ ನಡುವೆ ಹೊಳೆ ನುಗ್ಗುತ್ತಿತ್ತು, ಕಾಲುದಾರಿಯುದ್ದಕ್ಕೂ ಆವರಿಕೆ ಹೂ ಬಿಟ್ಟಿತ್ತು. ಅರುಣಾ ಮೇಕೆಯ ಹಾಗೆ ಮುಂದೆ; ಹಿಂದೆ ನಾನು ಜಾರಿ ಜಾರಿ ಬಿದ್ದು ಮೊಣಕಾಲಿಗೆಲ್ಲ ಕೆಸರು. ಫೋನಿಗೆ ಸಿಗ್ನಲ್ ಇಲ್ಲದ್ದು ಕಂಡು ಪರಮಸುಖವೆನಿಸಿತು. ಮರಳುವಾಗ ಕುರುಗೋಡಿನ ಸಹವಾಸವೇ ಬೇಡವೆಂದು ಕುಡತಿನಿಯ ಮೇಲೆ ಸುತ್ತಿ ಬಂದೆವು.

ಪಾರ್ವತಿನಗರದ ನಮ್ಮ ಮನೆಯ ವರಾಂಡದಲ್ಲಿ ಕೊಟ್ಟೂರಪ್ಪ, ಅವರ ಹೆಂಡತಿ ದಾಕ್ಷಾಯಣಮ್ಮ, ಸಿರುಗುಪ್ಪದಿಂದ ಬಂದ ನನ್ನ ಅತ್ತೆ ಗುರುಬಸಮ್ಮ ಕೂತಿದ್ದರು. ಕಾರಿಗೆ ಪೂಜೆ ಮಾಡಿಸಿ ನಿಂಬೆಹಣ್ಣು ಕಟ್ಟಿದವರೇ ಕೊಟ್ಟೂರಪ್ಪ, ಅದನ್ನು ಎಷ್ಟು ದೂರದಿಂದಲೂ ಗುರುತಿಸುತ್ತಾರೆ ಎಂಬುದು ನನಗೆ ಮರೆತೇಹೋಗಿತ್ತು. ಅವರು ಕಂಡದ್ದಿಷ್ಟು: ಕಾರಿನಲ್ಲಿ ಅರುಣಾ ಒಬ್ಬಳೇ, ಮುಖ ಮುಚ್ಚಿಕೊಂಡಿದ್ದಾಳೆ, ಹಿಂದಿನ ಸೀಟಿನಲ್ಲಿ ದೊಡ್ಡ ಬ್ಯಾಗು (ನಮ್ಮ ಬುತ್ತಿಯದು). ಗಂಡನ ಜತೆ ಜಗಳವಾಡಿ ತವರಿಗೆ ಹೊರಟಿದ್ದಾಳೆಂದು ಸಿರುಗುಪ್ಪಕ್ಕೆ ಸುದ್ದಿ ಮುಟ್ಟಿಸಿದರು. ಮಗಳು ತವರಿಗೂ ಬರಲಿಲ್ಲ, ನಮ್ಮಿಬ್ಬರ ಫೋನೂ ಹತ್ತಲಿಲ್ಲ.

“ಎಲ್ಲಿಗೆ ಹೋಗಿದ್ದೆವ್ವಾ?” ಎಂದು ಅತ್ತೆ ಮಗಳ ಕೈ ಹಿಡಿದರು. ಅವರ ಕಣ್ಣು ತುಂಬಿದ್ದು ಕಂಡು ನನಗೆ ನಾಚಿಕೆಯಾಯಿತು.

ದಾಕ್ಷಾಯಣಮ್ಮ ನನ್ನ ಮೊಣಕಾಲಿನ ಕೆಸರು ನೋಡಿದರು. “ಹೋಗ್ಲಿ ಬಿಡವ್ವಾ, ಮಣಕಾಲೂರಿ ಕಾಲು ಹಿಡ್ಕೊಂಡಂಗ ಐತಿ.”

“ಅಮರೇಶಪ್ಪ, ಜಗಳ ಯಾತಕ್ಕ ಆತು ಹೇಳ್ರಿ,” ಎಂದರು ಕೊಟ್ಟೂರಪ್ಪ.

ನಿಜ ಹೇಳಬಹುದಿತ್ತು. ಆದರೆ ಹೆಂಡತಿಯೊಡನೆ ಜಗಳವಾಡಿದ ಅಳಿಯನಿಗೆ ಕ್ಷಮೆಯುಂಟು. ಮಾವನ ಬಾಗಿಲ ಮುಂದೆ ಅಡಗಿಕೊಂಡು ಹೋದವನಿಗೆ ಏಳು ಜನ್ಮಕ್ಕೂ ಇಲ್ಲ.

“ತಪ್ಪು ನಂದೇರಿ ಮಾವ,” ಎಂದೆ.

“ಏನ್ ಮಾಡಿದ್ರವ್ವಾ ಇವ್ರು?” ಎಂದು ಅವರು ಅರುಣಾಳ ಕಡೆ ತಿರುಗಿದರು.

ಅರುಣಾ ನನ್ನನ್ನೇ ನೋಡಿದಳು. ನನ್ನ ಮಾನವೆಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು.

“ನನ್ನ ಎಲ್ಲಿಗೂ ಕರ್ಕೊಂಡು ಹೋಗಂಗಿಲ್ಲ ಮಾವ,” ಎಂದಳು, ಶೂಸಿನಿಂದ ಹೊಳೆಯ ಮರಳು ಕೊಡವುತ್ತ.

“ಇಷ್ಟ ಹೌದಲ್ಲ? ಇನ್ಮ್ಯಾಲೆ ಪ್ರತಿ ಐತಾರ ನಮ್ಮ ಮನಿಗೆ ಕರ್ಕೊಂಡು ಬರ್ರಿ,” ಎಂದು ತೀರ್ಪು ಬಂತು. ನಾನು ತಲೆಯಾಡಿಸಿದೆ.

ಮುಂದಿನ ಭಾನುವಾರ ಕುರುಗೋಡು ಹತ್ತಿರ ಬಂತು. ದೂರದಿಂದಲೇ ಕಟ್ಟೆಯ ಮೇಲೆ ಕೈ ಎದ್ದಿತ್ತು. ಸ್ಟೇರಿಂಗ್ ಹಿಡಿದ ಅರುಣಾ ನನ್ನ ಕಡೆ ತಿರುಗದೆ ಹೇಳಿದಳು:

“ಈಗ ಬಗ್ರಿ ನೋಡೂಣು.”